ಪಾದುಕಾ ಪಟ್ಟಾಭಿಷೇಕ

ಔಷಧಿ ಅಂಗಡಿಯ ಮುಂದೆ ಸರದಿ ಕಾಯುವವನಿಗೆ ಗೋಡೆ ನೋಡುವುದೊಂದೇ ಕೆಲಸ. ಜ್ವರವೋ ಕೆಮ್ಮೋ ಹಿಡಿದವನಿಗೆ ಮಾತು ಬೇಡ. ಪಕ್ಕದವನ ಕಾಯಿಲೆಯ ಕಥೆ ಕೇಳುವಷ್ಟು ಉತ್ಸಾಹವೂ ಇರುವುದಿಲ್ಲ. ಕಣ್ಣು ತಾನಾಗಿ ಗೋಡೆಯ ಕಡೆಗೆ ಹೋಗುತ್ತದೆ. ನಾನು ಕಂಡಿರುವ ಔಷಧಿ ಅಂಗಡಿಗಳ ಗೋಡೆಗಳೆಲ್ಲ ಹೆಚ್ಚುಕಡಮೆ ಒಂದೇ ಬಗೆಯವು. ನಡುವೆ ವೆಂಕಟರಮಣನೋ ಮಂಜುನಾಥನೋ ಇರುತ್ತಾನೆ. ಅವನ ಮಗ್ಗುಲಲ್ಲಿ ಲಕ್ಷ್ಮಿ, ಒಂದು ಸಣ್ಣ ಕೆಂಪು ದೀಪ, ಊದಿನಕಡ್ಡಿಯ ಹೊಗೆಗೆ ಕಪ್ಪಾದ ಒಂದು ಮೂಲೆ. ದೇವರ ಕೆಳಗೆ ಕಟ್ಟು ಹಾಕಿಸಿದ ಎರಡು ಮೂರು ಕಾಗದಗಳು. ಒಂದು, ಔಷಧಿ ಮಾರುವುದಕ್ಕೆ ಸರ್ಕಾರ ಕೊಟ್ಟ ಲೈಸೆನ್ಸು. ಇನ್ನೊಂದರಲ್ಲಿ ಒಬ್ಬ ಯುವಕನ ಪುಟ್ಟ ಭಾವಚಿತ್ರ, ಅವನ ಹೆಸರು, ಒಂದು ನಂಬರು, ರಿಜಿಸ್ಟ್ರಾರರ ರುಜು, ಮೊಹರು. ಇವನು ನೋಂದಾಯಿತ ಫಾರ್ಮಸಿಸ್ಟ್ ಎಂದು ಆ ಕಾಗದ ಸಾರುತ್ತದೆ.

ಇಷ್ಟನ್ನೂ ಓದಿದ ಮೇಲೆ ಕಣ್ಣು ಕೆಳಗಿಳಿದು ಆ ಮುಖ ಎಲ್ಲಿದೆಯೆಂದು ಹುಡುಕುತ್ತದೆ. ಎಷ್ಟೋ ಅಂಗಡಿಗಳಲ್ಲಿ ಅದು ಸಿಕ್ಕುತ್ತದೆ. ತಾನೇ ಓದಿ, ತಾನೇ ಅಂಗಡಿಯಿಟ್ಟು, ಬೆಳಗಿನಿಂದ ರಾತ್ರಿಯವರೆಗೆ ನಿಂತು, ಚೀಟಿಯನ್ನು ಎರಡು ಸಲ ಓದಿ ಮಾತ್ರೆ ಎಣಿಸಿ ಕೊಡುವ ಪುಣ್ಯಾತ್ಮರನ್ನು ನಾನು ಬಲ್ಲೆ, ಅವರಿಗೆ ನಮಸ್ಕಾರ. ಆದರೆ ಇನ್ನೆಷ್ಟೋ ಅಂಗಡಿಗಳಲ್ಲಿ ಭಾವಚಿತ್ರದ ಮುಖ ಕೆಳಗೆ ಎಲ್ಲಿಯೂ ಇರುವುದಿಲ್ಲ. ಅಲ್ಲಿ ಇರುವವರು ಯಜಮಾನರು, ಅವರ ಬಾಮೈದ, ಮತ್ತು ಹತ್ತನೆಯ ಇಯತ್ತೆ ಮುಗಿಸಿ ಆರು ತಿಂಗಳಾಗಿರುವ ಚುರುಕು ಹುಡುಗ. ದೇವರೂ ಗೋಡೆಯ ಮೇಲಿದ್ದಾನೆ, ಫಾರ್ಮಸಿಸ್ಟನೂ ಗೋಡೆಯ ಮೇಲಿದ್ದಾನೆ. ಇಬ್ಬರೂ ಇಳಿದು ಬರುವುದಿಲ್ಲ. ದೇವರಿಗೆ ದಿನಕ್ಕೆರಡು ಊದಿನಕಡ್ಡಿ. ಫಾರ್ಮಸಿಸ್ಟನಿಗೆ ತಿಂಗಳಿಗೆ ಇಷ್ಟೆಂದು ಬಾಡಿಗೆ.

ಅಯೋಧ್ಯೆಯಲ್ಲಿ ಹದಿನಾಲ್ಕು ವರ್ಷ ನಡೆದದ್ದು ಇಂಥದೇ ಆಡಳಿತವಲ್ಲವೆ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ರಾಮ ಕಾಡಿನಲ್ಲಿ, ಅವನ ಪಾದುಕೆ ಸಿಂಹಾಸನದ ಮೇಲೆ. ಹೋಲಿಕೆ ಅಲ್ಲಿಗೇ ನಿಲ್ಲುತ್ತದೆ. ಅಲ್ಲಿ ಪಾದುಕೆಯ ಹಿಂದೆ ಭರತನಿದ್ದ, ಅವನಿಗೆ ರಾಜ್ಯಭಾರ ಗೊತ್ತಿತ್ತು. ರಾಮ ಪಾದುಕೆಗೆ ಬಾಡಿಗೆ ಕೇಳಿರಲಿಲ್ಲ.

ನನ್ನ ಬಾಲ್ಯದಲ್ಲಿ, ಅಂದರೆ 1950ರ ದಶಕದಲ್ಲಿ, ನಮ್ಮೂರ ಸರ್ಕಾರಿ ಆಸ್ಪತ್ರೆಗೆ ಹೋಗುವವರು ಮನೆಯಿಂದಲೇ ಸೀಸೆ ತೊಳೆದುಕೊಂಡು ಹೋಗಬೇಕಾಗಿತ್ತು. ಕಿಟಕಿಯ ಹಿಂದೆ ಕಾಂಪೌಂಡರು. ಡಾಕ್ಟರ ಚೀಟಿ ನೋಡಿ, ಆ ಜಾಡಿಯಿಂದಿಷ್ಟು ಈ ಜಾಡಿಯಿಂದಿಷ್ಟು ಅಳೆದು, ಸೀಸೆಗೆ ಗುಲಾಬಿ ಬಣ್ಣದ ಮಿಕ್ಸ್ಚರು ತುಂಬಿ, ಕತ್ತರಿಯಿಂದ ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಸೀಸೆಯ ಪಕ್ಕಕ್ಕೆ ಅಂಟಿಸುತ್ತಿದ್ದರು. ಒಂದು ಹಲ್ಲು ಒಂದು ಹೊತ್ತಿನ ಅಳತೆ. ಓದಲು ಬಾರದವರಿಗೂ ಅದು ಅರ್ಥವಾಗುತ್ತಿತ್ತು. ಆಮೇಲೆ, “ಅಲ್ಲಾಡಿಸಿ ಕುಡೀಬೇಕು. ಏನು ಮಾಡಬೇಕು, ಹೇಳಿ ನೋಡೋಣ?” ಎಂದು ಕೇಳುತ್ತಿದ್ದರು. “ಅಲ್ಲಾಡಿಸಿ ಕುಡೀಬೇಕು ಸ್ವಾಮೀ” ಎಂದು ಒಪ್ಪಿಸಿದ ಮೇಲೆಯೇ ಸೀಸೆ ಕೈಗೆ ಬರುತ್ತಿತ್ತು. ನಮಗೆ ಹುಡುಗರಿಗೆ ಇದೊಂದು ತಮಾಷೆ. ಕಾಂಪೌಂಡರ ಧ್ವನಿಯನ್ನು ಅಣಕಿಸಿಕೊಂಡು ಊರೆಲ್ಲ ಓಡಾಡುತ್ತಿದ್ದೆವು. ಅವರ ಕಸುಬಿನ ಅರ್ಧ ಆ ಪ್ರಶ್ನೆಯಲ್ಲಿತ್ತು. ಜಾಡಿಗಳೆಲ್ಲ ಹೋಗಿ, ಮಾತ್ರೆಗಳು ಕಾರ್ಖಾನೆಯಿಂದಲೇ ಎಣಿಸಿಟ್ಟು ಬರುವ ಈ ಕಾಲದಲ್ಲಿ ಉಳಿದಿರುವುದು ಅದೊಂದೇ ಅರ್ಧ.

ಇದಕ್ಕೂ ಹಿಂದೆ ಈ ದೇಶದಲ್ಲಿ ಔಷಧಿ ಕೊಡಲು ಇಂಥ ವಿದ್ಯೆ ಬೇಕೆಂಬ ನಿಯಮವಿರಲಿಲ್ಲ. 1930–31ರಲ್ಲಿ ಕರ್ನಲ್ ಆರ್. ಎನ್. ಛೋಪ್ರಾ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ಕುಳಿತು, ಔಷಧಿಗಳ ಕಲಬೆರಕೆಯನ್ನೂ ಅವನ್ನು ಕೊಡುವವರ ಅರೆ ತಿಳಿವಳಿಕೆಯನ್ನೂ ವಿಚಾರಿಸಿ, ಎರಡಕ್ಕೂ ಕಾನೂನು ಬೇಕೆಂದು ಹೇಳಿತು. 1932ರಲ್ಲಿ ಮಹಾದೇವ ಲಾಲ್ ಶ್ರಾಫ್ ಅವರ ಪ್ರಯತ್ನದಿಂದ ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಔಷಧಶಾಸ್ತ್ರದ ಪಾಠ ಮೊದಲಾಯಿತು. 1940ರಲ್ಲಿ ಔಷಧಿಗಳ ಕಾನೂನು ಬಂತು. 1948ರಲ್ಲಿ, ಸ್ವಾತಂತ್ರ್ಯ ಬಂದ ಮಾರನೆಯ ವರ್ಷ, ಫಾರ್ಮಸಿ ಕಾನೂನು ಬಂತು. ಪ್ರತಿಯೊಂದು ರಾಜ್ಯದಲ್ಲಿಯೂ ಒಂದು ಪರಿಷತ್ತು, ಅದರ ಕೈಯಲ್ಲಿ ಒಂದು ರಿಜಿಸ್ಟರು. ರಿಜಿಸ್ಟರಿನಲ್ಲಿ ಹೆಸರಿದ್ದವನು ಮಾತ್ರ ಡಾಕ್ಟರ ಚೀಟಿಗೆ ಔಷಧಿ ಕೊಡಬೇಕು, ಇಲ್ಲವೆ ಅವನ ಕಣ್ಣೆದುರಿನಲ್ಲಿ ಬೇರೆಯವರು ಕೊಡಬೇಕು. 1945ರ ಔಷಧಿ ನಿಯಮಗಳಲ್ಲಿ ಇನ್ನೂ ಸೂಕ್ಷ್ಮಗಳಿವೆ. ಕೆಲವು ಔಷಧಿಗಳನ್ನು ಕೊಟ್ಟಾಗ ಚೀಟಿಯಲ್ಲಿ ಡಾಕ್ಟರ ರುಜುವಿನ ಮೇಲ್ಗಡೆ ಅಂಗಡಿಯ ಹೆಸರು, ವಿಳಾಸ, ತಾರೀಖು ಬರೆಯಬೇಕಂತೆ. ಇಷ್ಟು ವರ್ಷಗಳಲ್ಲಿ ನನ್ನ ಚೀಟಿಯ ಮೇಲೆ ಹಾಗೆ ಬರೆದವರನ್ನು ಬೆರಳಲ್ಲಿ ಎಣಿಸಬಹುದು.

ರಿಜಿಸ್ಟರಿಗೆ ಹೆಸರು ಸೇರುವ ಬಾಗಿಲಿದ್ದ ಮೇಲೆ ಹೊರಗೆ ಹೋಗುವ ಬಾಗಿಲೂ ಇರಲೇಬೇಕಷ್ಟೆ. ಅದು ಕಾನೂನಿನ 36ನೆಯ ಪ್ರಕರಣ. ಅದನ್ನು ನಾನು ಓದಬೇಕಾಗಿ ಬಂದದ್ದು ನನ್ನ ಹಳೆಯ ಶಿಷ್ಯನೊಬ್ಬನ ಮಗನ ದೆಸೆಯಿಂದ.

ನಿವೃತ್ತನಾದ ಮೇಷ್ಟ್ರನ್ನು ಊರು ಪೂರಾ ನಿವೃತ್ತನಾಗಲು ಬಿಡುವುದಿಲ್ಲ. ಇಂಗ್ಲಿಷಿನಲ್ಲಿ ಬಂದ ನೋಟೀಸುಗಳನ್ನು ಓದಿ ಹೇಳುವುದೂ, ಅವಕ್ಕೆ ಉತ್ತರ ಬರೆದುಕೊಡುವುದೂ ನನ್ನ ಪಾಲಿನ ಕೆಲಸ. ಹಾಗೆ ಒಂದು ಸಂಜೆ ತಂದೆ ಮಗ ಇಬ್ಬರೂ ಬಂದರು. ಹುಡುಗ ಎರಡು ವರ್ಷದ ಡಿಪ್ಲೊಮಾ ಓದಿ, ಆಸ್ಪತ್ರೆಯಲ್ಲಿ 500 ಗಂಟೆಗಳ ತರಬೇತಿ ಮುಗಿಸಿ, ರಿಜಿಸ್ಟರಿಗೆ ಸೇರಿದವನು. ಅಂಗಡಿಗಳಲ್ಲಿ ನಿಂತರೆ ಕೊಡುವ ಸಂಬಳ ಬೆಂಗಳೂರಿನ ಕೋಣೆ ಬಾಡಿಗೆಗೂ ಸಾಲದು. ಆದ್ದರಿಂದ ಔಷಧಿ ಕಂಪನಿಯೊಂದರ ಪ್ರತಿನಿಧಿಯಾಗಿ ಚೀಲ ಹೊತ್ತು ತಿರುಗುತ್ತಿದ್ದ. ಸರ್ಟಿಫಿಕೇಟು ಮಾತ್ರ ನೂರು ಮೈಲಿ ದೂರದ ತಾಲ್ಲೂಕು ಪಟ್ಟಣದ ಅಂಗಡಿಯೊಂದರ ಗೋಡೆಯ ಮೇಲಿತ್ತು. ಅದರ ಬಾಡಿಗೆ ತಿಂಗಳು ತಿಂಗಳು ನೇರವಾಗಿ ತಾಯಿಯ ಕೈ ಸೇರುತ್ತಿತ್ತು. ಮನೆಯಲ್ಲಿ ಯಾರಿಗೂ ಇದು ತಪ್ಪೆಂದು ತೋರಿರಲಿಲ್ಲ. ಹೊಲ ಗುತ್ತಿಗೆಗೆ ಕೊಟ್ಟ ಹಾಗೆ, ಓದೂ ಒಂದು ಆಸ್ತಿ, ಗುತ್ತಿಗೆಗೆ ಕೊಟ್ಟರಾಯಿತು.

ಆ ಅಂಗಡಿಗೆ ಒಬ್ಬ ಅಜ್ಜಿ ಕೀಲುವಾತದ ಚೀಟಿ ತಂದಿದ್ದಾರೆ. ಅದರಲ್ಲಿ ಮೆಥೋಟ್ರೆಕ್ಸೇಟ್ ಎಂಬ ಮಾತ್ರೆ, ವಾರಕ್ಕೊಂದು. ದೊಡ್ಡ ಪ್ರಮಾಣದಲ್ಲಿ ಅದನ್ನು ಕ್ಯಾನ್ಸರಿಗೂ ಕೊಡುತ್ತಾರೆ; ವಾರಕ್ಕೊಮ್ಮೆ ಸಣ್ಣ ಪ್ರಮಾಣದಲ್ಲಿ ಕೀಲುವಾತಕ್ಕೆ ಕೊಡುತ್ತಾರೆ. ದಿನಾ ನುಂಗಿದರೆ ಮೂಳೆಯ ಮಜ್ಜೆಯಲ್ಲಿ ಹೊಸ ರಕ್ತ ಹುಟ್ಟುವುದೇ ನಿಂತುಹೋಗುತ್ತದೆ, ಬಾಯಿ, ಗಂಟಲು ಹುಣ್ಣಾಗುತ್ತವೆ, ಪ್ರಾಣಕ್ಕೇ ಸಂಚಕಾರ. ಗಲ್ಲದ ಬಳಿಯಿದ್ದ ಚುರುಕು ಹುಡುಗ ಹತ್ತು ಮಾತ್ರೆಯ ಒಂದು ಪಟ್ಟಿಯನ್ನೇ ಕೈಗಿಟ್ಟು, “ರಾತ್ರಿ ಊಟ ಆದ್ಮೇಲೆ ಒಂದೊಂದು ತಗೊಳ್ಳಿ ಅಜ್ಜಿ” ಎಂದಿದ್ದಾನೆ. ಮುದುಕಿ ವಿಧೇಯಳು. ಒಂದು ರಾತ್ರಿಯೂ ತಪ್ಪಿಸಲಿಲ್ಲ.

ಆಕೆ ಬದುಕಿದರು, ಮೂರು ವಾರ ದೊಡ್ಡಾಸ್ಪತ್ರೆಯಲ್ಲಿದ್ದು ಬದುಕಿದರು. ಮಗ ಔಷಧಿ ಇನ್ಸ್‌ಪೆಕ್ಟರಿಗೆ ದೂರು ಕೊಟ್ಟ. ಇನ್ಸ್‌ಪೆಕ್ಟರು ಬಂದು ನೋಡಿದಾಗ ಗೋಡೆಯ ಮೇಲೆ ಫಾರ್ಮಸಿಸ್ಟನಿದ್ದ, ಅಂಗಡಿಯಲ್ಲಿರಲಿಲ್ಲ. ಅಂಗಡಿಯ ಲೈಸೆನ್ಸು ಕೆಲವು ದಿನಕ್ಕೆ ಅಮಾನತ್ತಾಯಿತು. ವರದಿ ಪರಿಷತ್ತಿಗೆ ಹೋಯಿತು. ಪರಿಷತ್ತಿನಿಂದ ಈ ನೋಟೀಸು ಬಂತು: ನಿಮ್ಮ ಹೆಸರನ್ನು ರಿಜಿಸ್ಟರಿನಿಂದ ಏಕೆ ತೆಗೆದುಹಾಕಬಾರದು?

“ಉತ್ತರ ಬರೆದುಕೊಡಿ ಮೇಷ್ಟ್ರೇ” ಎಂದ ನನ್ನ ಶಿಷ್ಯ. “ಅವತ್ತು ಒಂದು ದಿನ ಜ್ವರ ಬಂದು ಇವನು ರಜೆ ಹಾಕಿದ್ದ ಅಂತ ಬರೆದರೆ ಸಾಕಂತೆ. ಅಂಗಡಿ ಯಜಮಾನರೂ ಹಾಗೇ ಹೇಳ್ತಾರೆ. ಡಾಕ್ಟರ ಸರ್ಟಿಫಿಕೇಟೂ ಕೊಡಿಸ್ತಾರಂತೆ.”

ಸರ್ಟಿಫಿಕೇಟಿಗೆ ಸರ್ಟಿಫಿಕೇಟು ಹುಟ್ಟುವುದೆಂದರೆ ಹೀಗೆ. ನಾನು ಕೂಡಲೆ ಏನೂ ಹೇಳದೆ ನೋಟೀಸನ್ನು ಇರಿಸಿಕೊಂಡು, ಕಾನೂನಿನ ಪುಸ್ತಕ ತರಿಸಿ ಓದಿದೆ.

36ನೆಯ ಪ್ರಕರಣ ಓದುವುದಕ್ಕೆ ಬೆಲೆಯುಳ್ಳ ಬರಹ. ಹೆಸರು ತೆಗೆಯುವುದಕ್ಕೆ ಅದರಲ್ಲಿ ಮೂರು ಕಾರಣಗಳಿವೆ. ತಪ್ಪಾಗಿಯೋ ಸುಳ್ಳು ಹೇಳಿಯೋ ಹೆಸರು ಸೇರಿದ್ದರೆ ಒಂದು. ಅಪರಾಧಕ್ಕೆ ಶಿಕ್ಷೆಯಾಗಿದ್ದರೆ ಅಥವಾ ವೃತ್ತಿಯಲ್ಲಿ ಅಪಕೀರ್ತಿಕರವಾದ ನಡತೆ ತೋರಿದ್ದರೆ ಎರಡು. ಅವನ ಕೈಕೆಳಗಿನವನು ಅಂಥ ಕೆಲಸ ಮಾಡಿ ಅದರಲ್ಲಿ ಇವನ ಕುಮ್ಮಕ್ಕಿದ್ದರೆ, ಅಥವಾ ಇವನಿಗೆ ಅದು ತಿಳಿದಿರಬೇಕಾಗಿದ್ದರೆ, ಮೂರು. ಆದರೆ ಕಾನೂನು ಕೊಡಲಿ ಬೀಸುವುದಿಲ್ಲ. ಮೊದಲು ಅವನ ಮಾತು ಕೇಳಬೇಕು. ಕಾರ್ಯಕಾರಿ ಸಮಿತಿಯ ಆಜ್ಞೆಯನ್ನು ಪೂರ್ಣ ಪರಿಷತ್ತು ಒಪ್ಪಬೇಕು. ಒಪ್ಪಿದ ಮೇಲೂ ಮೂರು ತಿಂಗಳು ಕಳೆಯದೆ ಅದು ಜಾರಿಗೆ ಬಾರದು. 30 ದಿನಗಳೊಳಗೆ ರಾಜ್ಯ ಸರ್ಕಾರಕ್ಕೆ ಅಪೀಲು ಉಂಟು. ಇಷ್ಟೆಲ್ಲ ದಾಟಿದರೆ ಸರ್ಟಿಫಿಕೇಟು ಒಪ್ಪಿಸಬೇಕು. ತೆಗೆದ ಹೆಸರು ಗೆಜೆಟ್ಟಿನಲ್ಲಿ ಅಚ್ಚಾಗಬೇಕು. ಮುಂದಿನ ಪ್ರಕರಣದಲ್ಲಿ, ಸಾಕಾದ ಕಾರಣವಿದ್ದರೆ ಶುಲ್ಕ ಕಟ್ಟಿಸಿಕೊಂಡು ಹೆಸರನ್ನು ಮತ್ತೆ ಸೇರಿಸಬಹುದೆಂದೂ ಇದೆ. ಒಬ್ಬನ ಅನ್ನದ ವಿಷಯವೆಂಬ ಅರಿವು ಪ್ರತಿ ಸಾಲಿನಲ್ಲಿಯೂ ಇದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು “ಅಪಕೀರ್ತಿಕರವಾದ ನಡತೆ” ಎಂಬ ಮಾತು. ಇದು ಇಂಗ್ಲೆಂಡಿನಲ್ಲಿ 1858ರಲ್ಲಿ ಆದ ವೈದ್ಯರ ಕಾನೂನಿನಿಂದ ನಡೆದುಬಂದದ್ದು. ಹಾಗೆಂದರೇನು ಎಂಬುದು 1894ರಲ್ಲಿ ಅಲ್ಲಿಯ ಮೇಲಿನ ನ್ಯಾಯಾಲಯದಲ್ಲಿ ಇತ್ಯರ್ಥವಾಯಿತು. ಆಲಿನ್ಸನ್ ಎಂಬ ವೈದ್ಯ ಔಷಧಿಗಳನ್ನೂ ಬೇರೆ ವೈದ್ಯರನ್ನೂ ಹಳಿದು ತನ್ನ ಪ್ರಚಾರ ಮಾಡಿಕೊಂಡನೆಂದು ಅವನ ಹೆಸರು ತೆಗೆದಿದ್ದರು. ನ್ಯಾಯಾಧೀಶರು ಅದನ್ನೇ ಎತ್ತಿಹಿಡಿದರು. ಒಳ್ಳೆಯ ಹೆಸರೂ ಯೋಗ್ಯತೆಯೂ ಉಳ್ಳ ಸಹವೃತ್ತಿಯವರು ಯಾವುದನ್ನು ನಾಚಿಕೆಗೇಡೆಂದು ತಿಳಿಯುತ್ತಾರೋ ಅದೇ ಅಪಕೀರ್ತಿಕರವಾದದ್ದು ಎಂಬುದು ಅವರ ನಿರ್ಣಯದ ತಾತ್ಪರ್ಯ. ಆ ವೈದ್ಯ ತೌಡು ತೆಗೆಯದ ಗೋಧಿಯ ಹಿಟ್ಟಿನ ದೊಡ್ಡ ಪ್ರತಿಪಾದಕ. ರಿಜಿಸ್ಟರಿನಿಂದ ಹೋದ ಅವನ ಹೆಸರು ಇಂಗ್ಲೆಂಡಿನಲ್ಲಿ ಹಿಟ್ಟಿನ, ರೊಟ್ಟಿಯ ಹೆಸರಾಗಿ ಉಳಿಯಿತು. ಅದು ಬೇರೆ ಮಾತು.

ಸಹವೃತ್ತಿಯವರ ನಾಚಿಕೆಯೇ ಅಳತೆಗೋಲು ಎಂದರೆ ಕೇಳುವುದಕ್ಕೆ ಚೆನ್ನಾಗಿದೆ. ಆದರೆ ನನ್ನ ಎದುರಿಗೆ ಕುಳಿತ ಹುಡುಗ ಹೇಳಿದ್ದೇನು? “ಎಲ್ಲರೂ ಕೊಡ್ತಾರೆ ತಾತ. ನನ್ನ ಜೊತೆ ಓದಿದವರು ಎಷ್ಟು ಜನ ಕೊಟ್ಟಿದ್ದಾರೆ, ಹೆಸರು ಹೇಳಲಾ? ಅವರಿಗೆ ಯಾರಿಗೂ ಬರದ ನೋಟೀಸು ನನಗೇ ಯಾಕೆ?” ಎಲ್ಲರೂ ಮಾಡುವ ಕೆಲಸಕ್ಕೆ ನಾಚುವವರು ಯಾರು? ಊರಿಗೆ ಊರೇ ಕುಂಟಿದರೆ ನೆಟ್ಟಗೆ ನಡೆಯುವವನೇ ವಿಚಿತ್ರ. 2015ರ ನಿಯಮಾವಳಿಯಲ್ಲಿ, ತಾನು ಕೆಲಸ ಮಾಡದ ಅಂಗಡಿಗೆ ಸರ್ಟಿಫಿಕೇಟು ಕೊಡುವುದೂ, ಒಂದೇ ಸರ್ಟಿಫಿಕೇಟು ಎರಡು ಅಂಗಡಿಗಳಲ್ಲಿ ಸಿಕ್ಕುವುದೂ ದುರ್ನಡತೆಯೆಂದು ಬಿಡಿಸಿ ಬರೆದಿದ್ದಾರೆ. ನಾಚಿಕೆಯೊಂದಕ್ಕೇ ಬಿಟ್ಟರೆ ಸಾಲದೆಂದು ಕಂಡಿರಬೇಕು. 2022ರ ನವೆಂಬರಿನಲ್ಲಿ ಬಿಹಾರದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟೂ, ಆಸ್ಪತ್ರೆಗಳನ್ನೂ ಔಷಧಿ ಅಂಗಡಿಗಳನ್ನೂ ನಕಲಿ ಫಾರ್ಮಸಿಸ್ಟರು ನಡೆಸದಂತೆ ನೋಡಿಕೊಳ್ಳುವುದು ಸರ್ಕಾರದ ಮತ್ತು ಪರಿಷತ್ತಿನ ಕರ್ತವ್ಯವೆಂದು ಹೇಳಬೇಕಾಯಿತು.

ಮೂರನೆಯ ದಿನ ಇಬ್ಬರನ್ನೂ ಕರೆಸಿ, ಜ್ವರದ ಕಥೆಯನ್ನು ನಾನು ಬರೆಯುವುದಿಲ್ಲವೆಂದೆ. ಶಿಷ್ಯನ ಮುಖ ಚಿಕ್ಕದಾಯಿತು. “ನೀವೇ ಹೀಗಂದ್ರೆ ಹೇಗೆ ಮೇಷ್ಟ್ರೇ? ಒಂದು ಸಾಲು. ಇವನ ಜೀವನದ ಪ್ರಶ್ನೆ.” ಅವನು ಹೇಳಿದ್ದು ಸುಳ್ಳಲ್ಲ. ಹೆಸರು ಹೋದರೆ ಹುಡುಗನ ಓದು ಹೋದ ಹಾಗೆಯೇ. ಬಾಡಿಗೆ ಕೊಟ್ಟ ಯಜಮಾನನಿಗೆ ಹೋಗುವುದು ಕೆಲವು ದಿನದ ವ್ಯಾಪಾರ, ಬಾಡಿಗೆ ತೆಗೆದುಕೊಂಡ ಬಡವನಿಗೆ ಹೋಗುವುದು ಇಡೀ ಬಾಳು. ಈ ತಕ್ಕಡಿ ನೇರವಾಗಿದೆಯೆಂದು ನಾನೂ ಹೇಳಲಾರೆ. ಆದರೂ ಕೈ ಬರೆಯಲು ಏಳಲಿಲ್ಲ.

ತೊಡಕನ್ನು ಬಿಡಿಸಿದವನು ಹುಡುಗನೇ. ಅವನು ಅದುವರೆಗೆ ತಂದೆಗೂ ಹೇಳದಿದ್ದ ಒಂದು ಸಂಗತಿ ಹೇಳಿದ. ಸುದ್ದಿ ತಿಳಿದ ವಾರವೇ ಚೀಲ ಹೊತ್ತು ಆ ದೊಡ್ಡಾಸ್ಪತ್ರೆಗೆ ಹೋಗಿದ್ದನಂತೆ. ಕಂಪನಿಯ ಪ್ರತಿನಿಧಿಯನ್ನು ಯಾರೂ ತಡೆಯಲಿಲ್ಲ. ವಾರ್ಡಿನ ಬಾಗಿಲಲ್ಲಿ ನಿಂತು ನೋಡಿದ. ಮುದುಕಿಯ ಬಾಯಿ ತುಂಬ ಹುಣ್ಣು. ಮಗ ಚಮಚದಲ್ಲಿ ತಣ್ಣನೆಯ ನೀರು ಬಿಡುತ್ತಿದ್ದಾನೆ, ಅದೂ ಉರಿಯೆಂದು ಆಕೆ ತಲೆಯಾಡಿಸುತ್ತಿದ್ದಾರೆ. “ಇದ್ದದ್ದು ಇದ್ದ ಹಾಗೆ ಬರೀರಿ ತಾತ” ಎಂದ. ಹಾಗೆಯೇ ಬರೆದೆ. ಮುಕ್ಕಾಲು ಪುಟವಾಯಿತು.

ವಿಚಾರಣೆಯ ದಿನ ನಾನೂ ಜೊತೆಗೆ ಹೋಗಿದ್ದೆ. ಒಳಗೆ ನನಗೆ ಪ್ರವೇಶವಿಲ್ಲ. ಹೊರಗೆ ಬೆಂಚಿನ ಮೇಲೆ ಕುಳಿತಿದ್ದೆ. ಅರ್ಧ ಗಂಟೆಯ ಮೇಲೆ ಹೊರಗೆ ಬಂದವನು ಬಹಳ ಹೊತ್ತು ಮಾತಾಡಲಿಲ್ಲ. ಬಸ್ಸಿನಲ್ಲಿ ಕುಳಿತ ಮೇಲೆ ಹೇಳಿದ. ಅವರು ಗದರಿಸಲಿಲ್ಲ. ಅವರಲ್ಲಿ ವಯಸ್ಸಾದವರೊಬ್ಬರು ಒಂದೇ ಪ್ರಶ್ನೆ ಕೇಳಿದರು: “ಆ ಚೀಟಿ ನಿಮ್ಮ ಕೈಗೇ ಬಂದಿದ್ದರೆ ಏನು ಮಾಡುತ್ತಿದ್ದಿರಿ?” ಹುಡುಗ ತಡವರಿಸದೆ ಹೇಳಿದನಂತೆ: “ಪಟ್ಟಿ ಕತ್ತರಿಸಿ ನಾಲ್ಕೇ ಮಾತ್ರೆ ಕೊಡ್ತಿದ್ದೆ ಸಾರ್, ಒಂದು ತಿಂಗಳಿಗೆ. ವಾರಕ್ಕೊಂದೇ ಅಜ್ಜಿ, ಸೋಮವಾರ ಅಂತ ಇಟ್ಟುಕೊಳ್ಳಿ, ಮಿಕ್ಕ ದಿನ ಮುಟ್ಟಬೇಡಿ, ಬಾಯಿ ಹುಣ್ಣಾದ್ರೆ ತಕ್ಷಣ ಡಾಕ್ಟರ ಹತ್ತಿರ ಹೋಗಿ ಅಂತಿದ್ದೆ. ಫೋಲಿಕ್ ಆ್ಯಸಿಡ್ ಮಾತ್ರೆ ಬರೆದಿದ್ದಾರಾ ಅಂತ ನೋಡ್ತಿದ್ದೆ.” ಪ್ರಶ್ನೆ ಕೇಳಿದವರು “ಸರಿಯಾಗಿ ಹೇಳಿದಿರಿ” ಎಂದು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರಂತೆ.

ಪರೀಕ್ಷೆಯಲ್ಲಿ ಪೂರ್ಣ ಅಂಕ. ಆದರೆ ಅದೇ ಅವನ ವಿರುದ್ಧದ ದೊಡ್ಡ ಸಾಕ್ಷಿ. ವಿದ್ಯೆ ಇಲ್ಲದೆ ಆದ ಅನಾಹುತವಲ್ಲ ಇದು. ವಿದ್ಯೆ ಇತ್ತು, ಅದು ನೂರು ಮೈಲಿ ದೂರದಲ್ಲಿತ್ತು. ಅಜ್ಜಿಗೂ ಆಸ್ಪತ್ರೆಗೂ ನಡುವೆ ನಿಲ್ಲಬೇಕಾಗಿದ್ದದ್ದು “ವಾರಕ್ಕೊಂದು” ಎಂಬ ಒಂದು ಮಾತು. ಗೋಡೆಯ ಮೇಲಿನ ಕಾಗದಕ್ಕೆ ಮೊಹರಿರುತ್ತದೆ, ಬಾಯಿರುವುದಿಲ್ಲ.

ಇಲ್ಲಿ ಇಂಗ್ಲೆಂಡಿನ ಇನ್ನೊಂದು ಪ್ರಸಂಗ ನೆನಪಾಗುತ್ತದೆ. 2007ರಲ್ಲಿ ಅಲ್ಲಿಯ ಫಾರ್ಮಸಿಸ್ಟ್ ಒಬ್ಬಾಕೆ, ಕೆಲಸದ ಒತ್ತಡದ ನಡುವೆ, ಪ್ರೆಡ್ನಿಸೊಲೋನ್ ಕೊಡುವ ಕಡೆ ಪ್ರೊಪ್ರನೊಲೋಲ್ ಕೊಟ್ಟುಬಿಟ್ಟಳು, ರೋಗಿ ತೀರಿಕೊಂಡರು. 2009ರಲ್ಲಿ ಆಕೆಗೆ ಮೂರು ತಿಂಗಳ ಸೆರೆ ವಿಧಿಸಿ ಅದನ್ನು ತಡೆಹಿಡಿದರು. ಮರುವರ್ಷ ಅಪೀಲಿನಲ್ಲಿ ಅದು 300 ಪೌಂಡು ಜುಲ್ಮಾನೆಗೆ ಇಳಿಯಿತು. ಕೈತಪ್ಪಿಗೆ ಕ್ರಿಮಿನಲ್ ಮೊಕದ್ದಮೆಯಾದರೆ ಯಾರೂ ತಪ್ಪನ್ನು ಹೇಳಿಕೊಳ್ಳುವುದಿಲ್ಲ, ಹೇಳಿಕೊಳ್ಳದ ತಪ್ಪು ತಿದ್ದುವುದಿಲ್ಲ ಎಂದು ವೃತ್ತಿಯವರು ವಾದಿಸಿದರು. 2018ರಲ್ಲಿ ಅಲ್ಲಿ ಕಾನೂನು ಸಡಿಲವಾಯಿತು. ಪ್ರಾಮಾಣಿಕವಾಗಿ ಕೆಲಸ ಮಾಡುತ್ತ ಆದ ಪ್ರಮಾದಕ್ಕೆ ರಕ್ಷಣೆ ದೊರೆಯಿತು. ನನಗೆ ಇದು ನ್ಯಾಯವಾಗಿ ಕಾಣುತ್ತದೆ. ಪ್ರಮಾದ ಬೇರೆ, ದುರ್ನಡತೆ ಬೇರೆ. ಆದರೆ ಪ್ರಮಾದದ ರಿಯಾಯಿತಿ ಕೇಳಬೇಕಾದರೂ ಮನುಷ್ಯ ಅಲ್ಲಿ ನಿಂತಿರಬೇಕು. ನಿಲ್ಲದೆಯೇ ಇದ್ದವನಿಗೆ ತಪ್ಪು ಮಾಡುವ ಅವಕಾಶವೂ ಇರಲಿಲ್ಲ. ಅವನು ಬಿಟ್ಟದ್ದು ತಪ್ಪನ್ನು ತಡೆಯುವ ಅವಕಾಶವನ್ನು.

ಆಜ್ಞೆ ಬಂತು. ಹೆಸರು ತೆಗೆಯಲಾಗಿದೆ, ಎರಡು ವರ್ಷ ಮತ್ತೆ ಸೇರುವಂತಿಲ್ಲ. ತಂದೆ ಅಪೀಲು ಮಾಡೋಣವೆಂದ, ಮಗ ಬೇಡವೆಂದ. ನಿಜ ಬರೆದದ್ದರಿಂದ ಶಿಕ್ಷೆ ಹಗುರವಾಯಿತೋ ಭಾರವಾಯಿತೋ ಹೇಳುವವರಾರು? ಹುಡುಗನ ತಾಯಿಗೆ ಮಾತ್ರ ಸಂದೇಹವಿಲ್ಲ. “ಒಂದು ಸಾಲು ಬರೆದಿದ್ರೆ ಇವರ ಗಂಟೇನು ಹೋಗ್ತಿತ್ತು” ಎಂದು ಆಕೆ ಬಾವಿಕಟ್ಟೆಯಲ್ಲಿ ಹೇಳಿದ್ದು ನನ್ನ ಕಿವಿಗೂ ಬಂದಿದೆ. ನನ್ನನ್ನು ಕಂಡರೆ ಈಗಲೂ ಸೆರಗು ಸರಿಮಾಡಿಕೊಂಡು ಆಚೆ ತಿರುಗುತ್ತಾರೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ತಿಂಗಳ ಮೊದಲ ವಾರ ಬರುತ್ತಿದ್ದ ಹಣ ನಿಂತದ್ದು ಅವರ ಒಲೆಗೆ ಗೊತ್ತು.

ಒಪ್ಪಿಸುವುದಕ್ಕೆಂದು ಸರ್ಟಿಫಿಕೇಟು ತರಲು ಹುಡುಗ ಆ ಅಂಗಡಿಗೆ ಹೋದಾಗ ಯಜಮಾನರು ಮರ್ಯಾದೆಯಿಂದಲೇ ಕಾಫಿ ತರಿಸಿದರಂತೆ. ಆಮೇಲೆ ಕಟ್ಟಿನ ಹಿಂದಿನ ಮೊಳೆ ಬಿಚ್ಚಿ, ಕಾಗದವನ್ನು ಮಾತ್ರ ಸುರುಳಿ ಸುತ್ತಿ ಕೈಗೆ ಕೊಟ್ಟರು. “ಕಟ್ಟು, ಗಾಜು ನಾವು ಹಾಕಿಸಿದ್ದು” ಎಂದರು. ಕಟ್ಟಿಗೆ ಹೊಸ ಕಾಗದ ಆಗಲೇ ಬಂದಿತ್ತು, ಮೇಜಿನ ಮೇಲಿತ್ತು. ಅದರಲ್ಲಿದ್ದ ಮುಖ ತನಗಿಂತ ಚಿಕ್ಕ ವಯಸ್ಸಿನದೆಂದು ಹುಡುಗ ಹೇಳಿದ.

ಇದನ್ನು ಕೇಳಿದ ಮೇಲೆ, ಒಬ್ಬನ ಹೆಸರು ತೆಗೆದು ಏನಾಯಿತು ಎಂಬ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಬೇಡಿಕೆ ಹಾಗೆಯೇ ಇದೆ. ಪೂರೈಕೆಯಲ್ಲಿ ಒಂದು ಮುಖ ಬದಲಾಯಿತು. ಕಡಮೆ ಬೆಲೆಗೆ ಬೇಗ ಕೈಗೆ ಸಿಕ್ಕರೆ ಸಾಕೆನ್ನುವ ನಾವು, ಸಂಬಳ ಕೊಟ್ಟು ಮನುಷ್ಯನನ್ನಿಡುವುದಕ್ಕಿಂತ ಬಾಡಿಗೆ ಕೊಟ್ಟು ಕಾಗದವನ್ನಿಡುವುದು ಲಾಭವೆಂದು ಕಂಡುಕೊಂಡ ವ್ಯಾಪಾರ, ಓದಿಸಿ ಹೊರಗೆ ಬಿಡುವ ಕಾಲೇಜುಗಳು: ಇವಕ್ಕೆಲ್ಲ 36ನೆಯ ಪ್ರಕರಣದಲ್ಲಿ ಜಾಗವಿಲ್ಲ. ಅದಕ್ಕೆ ಸಿಕ್ಕುವುದು ರಿಜಿಸ್ಟರಿನಲ್ಲಿ ಹೆಸರಿರುವವನೊಬ್ಬನೇ. ಆದರೂ ಅವನು ಹೊಣೆಯಲ್ಲವೆಂದರೆ ಆ ರಿಜಿಸ್ಟರಿಗೆ ಅರ್ಥವೇ ಇಲ್ಲ. ಹೆಸರು ಬರೆದುಕೊಂಡದ್ದೇ ಅದಕ್ಕೆ.

ಎರಡು ವರ್ಷ ಈಗ ಮುಗಿಯುತ್ತ ಬಂದಿದೆ. ಹುಡುಗ ಇನ್ನೂ ಕಂಪನಿಯ ಚೀಲ ಹೊತ್ತು ತಿರುಗುತ್ತಿದ್ದಾನೆ. ಮೊನ್ನೆ ಹಬ್ಬಕ್ಕೆ ಬಂದವನು, ಹೆಸರು ಮತ್ತೆ ಸೇರಿಸಲು ಅರ್ಜಿ ಹಾಕಬಹುದಲ್ಲವೆ ತಾತ, ಅದನ್ನೂ ನೀವೇ ಬರೆದುಕೊಡುತ್ತೀರಾ ಎಂದು ಕೇಳಿದ. ಅಗತ್ಯವಾಗಿ ಬರೆದುಕೊಡುತ್ತೇನೆ ಅಂದೆ. “ಆದರೆ ನೋಡಪ್ಪಾ, ಈ ಸಲ ಗೋಡೆ ಹುಡುಕುವುದಕ್ಕೆ ಮುಂಚೆ ನಿಲ್ಲುವುದಕ್ಕೊಂದು ಜಾಗ ಹುಡುಕಿಕೋ.”

“ನೋಡಿದ್ದೇನೆ ತಾತ” ಎಂದ. “ಸಂಬಳ ಕಡಮೆ.”